ಯಾದಗಿರಿಯ ಸರ್ಕಾರಿ ಶಾಲೆಗೆ ಇನ್ನೂ ದುಡ್ಡು ಬೇಕಾ?

2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಜಿಲ್ಲೆ ರಾಜ್ಯಕ್ಕೇ ಕೊನೆ. ಫಲಿತಾಂಶ ಶೇ 50.59. ಮರುವರ್ಷ ಆ ಜಾಗಕ್ಕೆ ಪಕ್ಕದ ಕಲಬುರಗಿ ಬಂತು, ಶೇ 42.43. ಹತ್ತನೇ ಕ್ಲಾಸಿನಲ್ಲಿ ಫೇಲಾಗುವ ಮಗು ಆರು, ಏಳು, ಎಂಟರಲ್ಲೇ ಹಿಂದೆ ಬಿದ್ದಿರುತ್ತದೆ. ಇದನ್ನು ಕೆಳಗಿನ ಇಬ್ಬರೂ ಒಪ್ಪುತ್ತಾರೆ. ಈ ಕ್ಲಾಸುಗಳಿಗೆ ಸರ್ಕಾರ ಇನ್ನೂ ಜಾಸ್ತಿ ಹಣ ಕೊಡಬೇಕಾ ಅನ್ನುವಲ್ಲಿ ಇಬ್ಬರ ದಾರಿ ಬೇರೆ.

ಪರ: ಕೊಡಲೇಬೇಕು

ನಾನು ಶಹಾಪುರ ತಾಲ್ಲೂಕಿನ ಒಂದು ಹಳ್ಳಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮದು ಎಂಟನೇ ಕ್ಲಾಸಿನವರೆಗಿನ ಶಾಲೆ. ಗಣಿತದ ಮೇಷ್ಟ್ರು ವರ್ಗವಾಗಿ ಹೋದ ಮೇಲೆ ಆ ಜಾಗಕ್ಕೆ ಕಾಯಂ ಆಗಿ ಯಾರೂ ಬಂದಿಲ್ಲ. ಅತಿಥಿ ಶಿಕ್ಷಕರು ಬರುತ್ತಾರೆ, ಆದರೆ ಶಾಲೆ ಶುರುವಾಗಿ ಎಷ್ಟೋ ದಿನ ಕಳೆದ ಮೇಲೆ.

ಒಂದು ದಿನ ಏಳನೇ ಕ್ಲಾಸಿನ ಹುಡುಗಿಯನ್ನು ಬೋರ್ಡಿಗೆ ಕರೆದು 3/4ಕ್ಕೆ 1/2 ಕೂಡಿಸು ಅಂದೆ. 4/6 ಅಂತ ಬರೆದಳು. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಆಮೇಲೆ ಸುಮ್ನೆ ಕೇಳಿದೆ, ಮುಕ್ಕಾಲು ಕೆ.ಜಿ.ಗೆ ಅರ್ಧ ಕೆ.ಜಿ. ಸೇರಿದರೆ ಎಷ್ಟವ್ವಾ? 'ಒಂದೂಕಾಲು ಕೆ.ಜಿ., ಕಾಕಾ' ಅಂದಳು. ಒಂದು ಕ್ಷಣವೂ ತಡ ಮಾಡಲಿಲ್ಲ. ಅವಳಿಗೆ ಲೆಕ್ಕ ಬರುತ್ತದೆ. ಆ ಲೆಕ್ಕವನ್ನು ಬೋರ್ಡಿನ ಮೇಲೆ ತರುವುದನ್ನು ಹೇಳಿಕೊಡೋರು ಇಲ್ಲ, ಅಷ್ಟೇ.

ಆರರಿಂದ ಎಂಟನೇ ಕ್ಲಾಸಿಗೆ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕು, ವಿಜ್ಞಾನ-ಗಣಿತಕ್ಕೆ, ಸಮಾಜಕ್ಕೆ, ಭಾಷೆಗೆ ಬೇರೆ ಬೇರೆಯವರಿರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. 2022ರಲ್ಲಿ ಸರ್ಕಾರ ಈ ಕ್ಲಾಸುಗಳಿಗೆ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಅರ್ಜಿ ಕರೆಯಿತು. ಅದರಲ್ಲಿ 5,000 ಹುದ್ದೆ ನಮ್ಮ ಯಾದಗಿರಿಯೂ ಸೇರಿದ ಕಲ್ಯಾಣ ಕರ್ನಾಟಕಕ್ಕೆ. ಕರೆದಷ್ಟು ಹುದ್ದೆ ತುಂಬಲಿಲ್ಲ. ಬಂದವರೂ ದೂರದ ಹಳ್ಳಿಯಲ್ಲಿ ಎಷ್ಟು ವರ್ಷ ನಿಲ್ಲುತ್ತಾರೆ? ಬಾಡಿಗೆಗೆ ಒಂದು ಒಳ್ಳೆಯ ಮನೆ ಇಲ್ಲ, ಬಸ್ಸು ದಿನಕ್ಕೆ ಎರಡು.

ಎಲ್ಲ ಜಿಲ್ಲೆಗೂ ಒಂದೇ ಅಳತೆ ಅನ್ನುವವರಿಗೆ ನನ್ನದೊಂದು ಮಾತು. 2011ರ ಜನಗಣತಿಯಲ್ಲಿ ನಮ್ಮ ಜಿಲ್ಲೆಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕಡಿಮೆ. ಅಂದರೆ ಎಷ್ಟೋ ಮನೆಗಳಲ್ಲಿ ಮಗುವಿನ ಪುಸ್ತಕ ತೆಗೆದು ನೋಡಿ ಹೇಳಿಕೊಡಲು ಅಪ್ಪ-ಅವ್ವನಿಗೆ ಬರೋದಿಲ್ಲ. ಟ್ಯೂಷನ್ ದೂರದ ಮಾತು. ದಕ್ಷಿಣ ಕನ್ನಡದ ಮಗುವಿಗೆ ಅರ್ಧ ಶಾಲೆ ಮನೆಯಲ್ಲೇ ಇರುತ್ತದೆ. ನಮ್ಮ ಮಗುವಿಗೆ ಇರೋದು ಆ ಒಂದು ಕಟ್ಟಡ, ಆ ಮೇಷ್ಟ್ರು. ಇಬ್ಬರಿಗೂ ಒಂದೇ ಖರ್ಚು ಮಾಡಿದರೆ ಅದು ಸಮಾನತೆ ಹೇಗಾಗುತ್ತದೆ? ಹಿಂದುಳಿದ ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ತಂದಿದ್ದೇ ಈ ಕಾರಣಕ್ಕೆ ಅಲ್ವಾ? ಹಳ್ಳಿಯಲ್ಲಿ ಐದು ವರ್ಷ ನಿಲ್ಲುವ ಗಣಿತ, ಇಂಗ್ಲಿಷ್ ಶಿಕ್ಷಕರಿಗೆ ಹೆಚ್ಚಿನ ಭತ್ಯೆ ಕೊಡಿ, ಇರಲು ಕ್ವಾರ್ಟರ್ಸ್ ಕಟ್ಟಿಸಿ. ಇದಕ್ಕೆ ದುಡ್ಡು ಬೇಕೇ ಬೇಕು.

ವಿರೋಧ: ಮೊದಲು ಇರುವ ದುಡ್ಡು ನೋಡಿ

ಸುರಪುರ ತಾಲ್ಲೂಕಿನಲ್ಲಿ ಎರಡು ವರ್ಷ ಅತಿಥಿ ಶಿಕ್ಷಕಿಯಾಗಿದ್ದೆ. ಕಾಯಂ ಶಿಕ್ಷಕರು ಬೇಕು ಅನ್ನುವ ಮಾತಿಗೆ ನನ್ನ ಎರಡೂ ಕೈ ಮೇಲೆ. ಆದರೆ ದುಡ್ಡೇ ಇಲ್ಲ ಅಂದರೆ ಒಪ್ಪಲಾರೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಬಜೆಟ್‌ನಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗುತ್ತಿದೆ. ಅದರಲ್ಲಿ ಕಾಲು ಪಾಲು ಶಿಕ್ಷಣಕ್ಕೆ ಅಂತ ಮಂಡಳಿಯೇ ಹೇಳಿದೆ. ನಮ್ಮ ಶಾಲೆಗೂ ಹೊಸ ಕೋಣೆ ಬಂತು, ಗೋಡೆಗೆ ದೊಡ್ಡ ಟಿವಿ ಬಂತು. ಟಿವಿಯ ಮೇಲೆ ಧೂಳು ಬೀಳದ ಹಾಗೆ ಒಂದು ಹಳೆಯ ಸೀರೆ ಹೊದಿಸಿದ್ದೆವು. ನಾನಿದ್ದ ಎರಡು ವರ್ಷದಲ್ಲಿ ಆ ಸೀರೆ ತೆಗೆದದ್ದು ಬೆರಳೆಣಿಕೆಯಷ್ಟು ಸಲ.

ಏಳನೇ ಕ್ಲಾಸಿನ ಹಾಜರಿ ಪುಸ್ತಕದಲ್ಲಿ 42 ಹೆಸರು. ದಸರಾ ರಜೆ ಮುಗಿದು ಬಾಗಿಲು ತೆರೆದ ದಿನ ಬಂದವರು 19. ಉಳಿದವರು ಎಲ್ಲಿ? ಕೆಲವರು ಅಪ್ಪ-ಅವ್ವನ ಜೊತೆ ಬೆಂಗಳೂರು, ಪುಣೆ, ಹೈದರಾಬಾದಿಗೆ ಗುಳೆ ಹೋಗಿದ್ದರು. ಮಿಕ್ಕವರು ಊರಲ್ಲೇ ಇದ್ದರು, ಹತ್ತಿ ಹೊಲದಲ್ಲಿ. ಬೆಳಗಾಗುವ ಮೊದಲೇ ಕೂಲಿಯವರನ್ನು ಕರೆದೊಯ್ಯುವ ಟಂಟಂ ಆಟೊ ಬಂದು ಶಾಲೆಯ ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿತ್ತು. ಕೆ.ಜಿ. ಲೆಕ್ಕದ ಕೂಲಿ. ಸಣ್ಣ ಬೆರಳು ಹತ್ತಿ ಬೇಗ ಬಿಡಿಸುತ್ತವೆ. ಹತ್ತಿ ಮುಗಿದರೆ ಮೆಣಸಿನಕಾಯಿ. ಒಬ್ಬ ಹುಡುಗಿ ಪರೀಕ್ಷೆ ಹೊತ್ತಿಗೆ ವಾಪಸ್ ಬಂದಳು. ಕೈತುಂಬ ಹತ್ತಿಕಾಯಿ ಗೀರಿದ ಗಾಯ. ಪುಸ್ತಕ ತೆಗೆದಳು, ದಸರಾಕ್ಕೆ ಮುಂಚೆ ಮಡಚಿಟ್ಟ ಪುಟವೇ ಇತ್ತು. ಎಂಟನೇ ಕ್ಲಾಸಿಗೆ ಹೋದಳು, ಯಾರೂ ತಡೆಯಲಿಲ್ಲ.

ಕಾಯಂ ಮೇಷ್ಟ್ರು ಇದ್ದಿದ್ದರೂ ಆ ನಾಲ್ಕು ತಿಂಗಳು ಅವಳಿಗೆ ಸಿಗುತ್ತಿರಲಿಲ್ಲ. ತಾಂಡಾದ ಮಕ್ಕಳು ಮನೆಯಲ್ಲಿ ಲಂಬಾಣಿ ಆಡುತ್ತಾರೆ, ಗುರುಮಠಕಲ್ ಕಡೆ ತೆಲುಗು. ಪುಸ್ತಕದ ಕನ್ನಡಕ್ಕೆ ಬರಲು ಇಂಥವರಿಗೆ ದಿನಾ ಶಾಲೆ ಬೇಕು. ಅವರೇ ಮೊದಲು ತಪ್ಪಿಸಿಕೊಳ್ಳುತ್ತಾರೆ.

ಇನ್ನೊಂದು ವಿಷಯ. 2024ರಲ್ಲಿ ನಕಲು ತಡೆಯಲು ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗೆ ವೆಬ್‌ಕ್ಯಾಮೆರಾ ಬಂತು, ಫಲಿತಾಂಶ ರಾಜ್ಯದ ತುಂಬಾ ಬಿತ್ತು, ನಮ್ಮಲ್ಲಿ ಜಾಸ್ತಿ ಬಿತ್ತು. ಆ ಮಕ್ಕಳು ದಡ್ಡರಾಗಿದ್ದು ಆ ವರ್ಷ ಅಲ್ಲ. ಅವರಿಗೆ ಎಷ್ಟು ಬರುತ್ತದೆ ಅನ್ನೋದು ನಮಗೆ ಗೊತ್ತಾಗಿದ್ದು ಆ ವರ್ಷ. ಹೀಗಿರುವಾಗ ಹಣ ಏರಿಸಿದರೆ ಎಣಿಸಿ ತೋರಿಸಲು ಸುಲಭವಾದದ್ದೇ ಬರುತ್ತದೆ: ಕೋಣೆ, ಕಾಂಪೌಂಡ್, ಇನ್ನೊಂದು ಟಿವಿ.

ಗುಳೆ ಹೋಗುವವರ ಮಕ್ಕಳಿಗೆ ಋತುಮಾನ ವಸತಿ ಶಾಲೆ ಅನ್ನುವ ವ್ಯವಸ್ಥೆ ಈಗಲೇ ಇದೆ. ಹೊಸ ಯೋಜನೆ ಬೇಡ. ಅದು ಮಗು ಊರು ಬಿಡುವ ಮೊದಲು ತೆರೆದರೆ ಸಾಕು. ಆಗಸ್ಟ್‌ನಲ್ಲೇ ಶಿಕ್ಷಕರು ಮನೆಮನೆಗೆ ಹೋಗಿ ಯಾರು ಹೋಗುತ್ತಾರೆ ಅಂತ ಬರೆದುಕೊಳ್ಳಲಿ. ನಮ್ಮೂರಲ್ಲಿ ಯಾರನ್ನು ಕೇಳಿದರೂ ಹೆಸರು ಹೇಳುತ್ತಿದ್ದರು, ಕೂಲಿಗೆ ಕರೆದೊಯ್ಯುವ ಮೇಸ್ತ್ರಿ ಮುಂಗಡ ಕೊಟ್ಟಾಗಿರುತ್ತಿತ್ತಲ್ಲ. ದಸರಾ ರಜೆಗೆ ಮುಂಚೆಯೇ ಅಕ್ಕಿ, ಹಾಸಿಗೆ, ರಾತ್ರಿ ಉಳಿಯಲು ಒಬ್ಬ ಅಕ್ಕ ಇರಬೇಕು. ಇಷ್ಟನ್ನು ಇರುವ ದುಡ್ಡಿನಲ್ಲಿ ಒಂದು ವರ್ಷ ಮಾಡಿ, ನವೆಂಬರ್ ತಿಂಗಳ ಹಾಜರಿ ಪುಸ್ತಕ ತೋರಿಸಿ. ಆಮೇಲೆ ಇನ್ನಷ್ಟು ಕೇಳಲು ನಾನೂ ನಿಮ್ಮ ಜೊತೆ ಬರುತ್ತೇನೆ.