ಆ ಬೆಟ್ಟ ಡೆನಾಲಿಯೋ, ಮೆಕಿನ್ಲಿಯೋ?

ಉತ್ತರ ಅಮೆರಿಕದ ಅತಿ ಎತ್ತರದ ಬೆಟ್ಟ ಇರುವುದು ಅಲಾಸ್ಕಾದಲ್ಲಿ. ಎತ್ತರ 20,310 ಅಡಿ. 2015ರಲ್ಲಿ ಒಬಾಮ ಸರ್ಕಾರ ಅದರ ಹೆಸರನ್ನು ಮೆಕಿನ್ಲಿಯಿಂದ ಡೆನಾಲಿಗೆ ಬದಲಿಸಿತು. 2025ರ ಜನವರಿ 20ರಂದು, ಎರಡನೇ ಸಲ ಅಧ್ಯಕ್ಷರಾದ ದಿನವೇ, ಟ್ರಂಪ್ ಅದನ್ನು ಮತ್ತೆ ಮೆಕಿನ್ಲಿ ಮಾಡುವ ಆದೇಶಕ್ಕೆ ಸಹಿ ಹಾಕಿದರು. ಸರ್ಕಾರಿ ಕಾಗದದಲ್ಲೂ ಡೆನಾಲಿ ಎಂಬ ಹೆಸರೇ ಇರಬೇಕೇ? ಅಮೆರಿಕದಲ್ಲಿರುವ ಇಬ್ಬರು ಕನ್ನಡಿಗರನ್ನು ಕೇಳಿದೆವು.

ಪರ: ಕಂಡವರು ಕರೆದ ಹೆಸರೇ ಇರಲಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಅಮೆರಿಕದ ಅಧ್ಯಕ್ಷರಾಗಿದ್ದ ವಿಲಿಯಂ ಮೆಕಿನ್ಲಿ ಅಲಾಸ್ಕಾಕ್ಕೆ ಒಂದು ಸಲವೂ ಹೋದವರಲ್ಲ. ಈ ಮಾತನ್ನು ಇನ್ನೂ ಎರಡು ಮೂರು ಸಲ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನನ್ನ ವಾದದ ಜೀವ ಇರುವುದೇ ಅಲ್ಲಿ.

ಹೆಸರು ಬಂದ ಕತೆ ಕೇಳಿ. 1896ರಲ್ಲಿ ವಿಲಿಯಂ ಡಿಕಿ ಎಂಬಾತ ಚಿನ್ನ ಹುಡುಕುತ್ತಾ ಸುಸಿಟ್ನಾ ನದಿಯ ದಂಡೆಯಲ್ಲಿ ಅಲೆಯುತ್ತಿದ್ದ. ಅದು ಚುನಾವಣೆಯ ವರ್ಷ. ನಾಣ್ಯಕ್ಕೆ ಚಿನ್ನವೊಂದೇ ಆಧಾರವೋ, ಬೆಳ್ಳಿಯೂ ಬೇಕೋ ಎಂಬುದೇ ಆಗಿನ ದೊಡ್ಡ ಜಗಳ. ಮೆಕಿನ್ಲಿ ಚಿನ್ನದ ಕಡೆ. ಎದುರಾಳಿ ವಿಲಿಯಂ ಜೆನ್ನಿಂಗ್ಸ್ ಬ್ರಯನ್ ಬೆಳ್ಳಿಯ ಕಡೆ. ಡಿಕಿ ಕಾಡಿನಿಂದ ಹೊರಗೆ ಬಂದಾಗ ಕಿವಿಗೆ ಬಿದ್ದ ಮೊದಲ ಸುದ್ದಿ, ರಿಪಬ್ಲಿಕನ್ನರು ಮೆಕಿನ್ಲಿಯವರನ್ನು ಅಭ್ಯರ್ಥಿ ಮಾಡಿದ್ದಾರೆ ಎಂಬುದು. ಬೆಟ್ಟಕ್ಕೆ ಅದೇ ಹೆಸರು ಇಟ್ಟುಬಿಟ್ಟ. 1897ರ ಜನವರಿಯಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬರೆದ, ಹೆಸರು ಅಂಟಿಕೊಂಡಿತು. ಬೆಳ್ಳಿಯ ಪರ ಮಾತಾಡಿ ತಲೆ ತಿಂದವರನ್ನು ಕೆಣಕಲೆಂದೇ ಹೀಗೆ ಮಾಡಿದ ಎಂಬ ಕತೆಯೂ ಇದೆ. ಟೀ ಅಂಗಡಿ ಮುಂದೆ ರಾಜಕೀಯದ ಜಗಳ ಆಗುತ್ತಲ್ಲ, ಅಂಥದ್ದರಲ್ಲಿ ಹುಟ್ಟಿದ ಹೆಸರು.

ಅದಕ್ಕಿಂತ ಎಷ್ಟೋ ಮುಂಚಿನಿಂದ ಅಲ್ಲಿನ ಕೊಯುಕಾನ್ ಜನ ಅದನ್ನು ಡೆನಾಲಿ ಅನ್ನುತ್ತಿದ್ದರು. 'ಎತ್ತರದ್ದು' ಎಂದರ್ಥ, ಅಷ್ಟೇ. ಯಾರ ಹೆಸರೂ ಅಲ್ಲ. 1867ರಲ್ಲಿ 72 ಲಕ್ಷ ಡಾಲರಿಗೆ ಅಲಾಸ್ಕಾ ಮಾರಿ ಹೋದ ರಷ್ಯನ್ನರು ಕೂಡ 'ಬೋಲ್ಶಾಯಾ ಗೊರಾ' ಅನ್ನುತ್ತಿದ್ದರು. ದೊಡ್ಡ ಬೆಟ್ಟ. ಎಲ್ಲರೂ ಬೆಟ್ಟ ನೋಡಿ ಹೆಸರಿಟ್ಟರು, ಡಿಕಿ ಒಬ್ಬನೇ ಚುನಾವಣೆ ನೋಡಿ ಇಟ್ಟ.

1913ರ ಜೂನ್ 7ರಂದು ನಾಲ್ಕು ಜನ ಮೊದಲ ಸಲ ಆ ಬೆಟ್ಟದ ತುದಿ ಮುಟ್ಟಿದರು. ಅವರಲ್ಲಿ ಎಲ್ಲರಿಗಿಂತ ಮುಂದೆ ಕಾಲಿಟ್ಟವರು ವಾಲ್ಟರ್ ಹಾರ್ಪರ್, ಕೊಯುಕಾನ್ ತಾಯಿಯ ಮಗ, ಇಪ್ಪತ್ತು ವರ್ಷದ ಹುಡುಗ. ತಂಡದ ಮುಂದಾಳು ಹಡ್ಸನ್ ಸ್ಟಕ್ ಒಬ್ಬ ಪಾದ್ರಿ. ಆತ 1914ರಲ್ಲಿ ಬರೆದ ಪುಸ್ತಕದ ಮುನ್ನುಡಿಯಲ್ಲೇ, ಬೆಟ್ಟಕ್ಕೆ ಹಳೆಯ ಹೆಸರು ಮರಳಿ ಕೊಡಿ ಎಂದು ಕೇಳಿಕೊಂಡಿದ್ದಾನೆ. ಗಮನಿಸಿ, ಸಂಸತ್ತು ಕಾನೂನಿನಲ್ಲಿ ಮೆಕಿನ್ಲಿ ಎಂದು ಬರೆದಿದ್ದು 1917ರಲ್ಲಿ. ಹತ್ತಿ ಇಳಿದವರ ಮಾತಿಗೆ ಮೂರು ವರ್ಷವೂ ಬೆಲೆ ಸಿಗಲಿಲ್ಲ.

ಈಗ ನನಗೆ ನಿಜಕ್ಕೂ ಸಿಟ್ಟು ಬರಿಸುವ ಭಾಗ. 1975ರಲ್ಲಿ ಅಲಾಸ್ಕಾ ರಾಜ್ಯವೇ ಹೆಸರು ಬದಲಿಸಿ ಎಂದು ಕೇಳಿತು. ಹೊರಗಿನವರಲ್ಲ, ಆ ನೆಲದವರು. ಅಡ್ಡ ನಿಂತವರು ಯಾರು? ಓಹಿಯೋದ ಸಂಸದ ರಾಲ್ಫ್ ರೆಗುಲಾ. ಮೆಕಿನ್ಲಿಯ ಊರಾದ ಕ್ಯಾಂಟನ್ ಅವರ ಕ್ಷೇತ್ರದಲ್ಲಿತ್ತು. ಅವರು ಹಿಡಿದ ದಾರಿ ನೋಡಿ. ಸ್ಥಳಗಳ ಹೆಸರು ತೀರ್ಮಾನಿಸುವ ಒಕ್ಕೂಟ ಸರ್ಕಾರದ ಮಂಡಳಿಗೆ ಒಂದು ಪದ್ಧತಿ ಇದೆ. ಯಾವುದಾದರೂ ಹೆಸರಿನ ಬಗ್ಗೆ ಸಂಸತ್ತಿನಲ್ಲಿ ಮಸೂದೆ ಬಾಕಿ ಇದ್ದರೆ ಮಂಡಳಿ ಅದನ್ನು ಮುಟ್ಟುವುದಿಲ್ಲ. ಮಸೂದೆ ಪಾಸಾಗಬೇಕು ಅಂತೇನಿಲ್ಲ, ಬಾಕಿ ಇದ್ದರೆ ಸಾಕು. ರೆಗುಲಾ ಮತ್ತೆ ಮತ್ತೆ ಒಂದು ಮಸೂದೆ ತಂದಿಡುತ್ತಾ ಹೋದರು. 2009ರಲ್ಲಿ ನಿವೃತ್ತರಾಗುವವರೆಗೂ ಇದೇ ಆಟ. ನಡುವೆ 1980ರಲ್ಲಿ ಒಂದು ರಾಜಿ ಆಯಿತು. ಬೆಟ್ಟದ ಸುತ್ತಲಿನ ರಾಷ್ಟ್ರೀಯ ಉದ್ಯಾನಕ್ಕೆ ಡೆನಾಲಿ, ಒಳಗಿನ ಬೆಟ್ಟಕ್ಕೆ ಮೆಕಿನ್ಲಿ! ಈಗ 2025ರ ಆದೇಶದಿಂದ ಮತ್ತೆ ಅದೇ ಎಡವಟ್ಟಿಗೆ ಬಂದು ನಿಂತಿದ್ದೇವೆ. ಡೆನಾಲಿಯೇ ಇರಲಿ ಎಂದು ಅಲಾಸ್ಕಾದ ಶಾಸನಸಭೆ ನಿರ್ಣಯ ಮಾಡಿತು. ಟ್ರಂಪ್ ಪಕ್ಷದವರೇ ಆದ ಸೆನೆಟರ್ ಲೀಸಾ ಮರ್ಕೌಸ್ಕಿ ಕೂಡ ಅದನ್ನೇ ಹೇಳಿದರು. ಯಾರು ಕೇಳಬೇಕು?

ತಮಾಷೆ ಗೊತ್ತಾ? ಓಹಿಯೋ ಎಂಬುದೇ ಸೆನೆಕಾ ಎಂಬ ಮೂಲನಿವಾಸಿ ಜನರ ಮಾತು. ಒಳ್ಳೆಯ ನದಿ ಎಂದರ್ಥ. ಮಿಸಿಸಿಪ್ಪಿ ಒಜಿಬ್ವೆಯವರದ್ದು, ಅಲಾಸ್ಕಾ ಅಲ್ಯೂಟರದ್ದು. 50 ರಾಜ್ಯಗಳಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟರ ಹೆಸರು ಹೀಗೇ ಬಂದದ್ದು. ತಮ್ಮ ರಾಜ್ಯಕ್ಕೆ ಮೂಲನಿವಾಸಿಗಳ ಹೆಸರು ಬೇಕು, ನಾಲ್ಕು ಸಾವಿರ ಕಿಲೋಮೀಟರಿಗೂ ಜಾಸ್ತಿ ದೂರದ ಬೆಟ್ಟಕ್ಕೆ ಮಾತ್ರ ತಮ್ಮೂರವರ ಹೆಸರು ಬೇಕು.

ಅಲ್ಲಿನ ಮೂಲನಿವಾಸಿಗಳಿಗೇ ಒಂದು ಹೆಸರಿಲ್ಲ, ಬೆಟ್ಟದ ದಕ್ಷಿಣಕ್ಕಿರುವ ಡೆನೈನಾ ಜನ ಬೇರೆಯೇ ಹೆಸರು ಹೇಳುತ್ತಿದ್ದರು ಎಂದು ಕೆಲವರು ವಾದ ಹೂಡುತ್ತಾರೆ. ಸರಿ ಸ್ವಾಮಿ, ಅದಕ್ಕೆ ಓಹಿಯೋದವರನ್ನು ತಂದು ಕೂರಿಸೋದಾ? ಮೆಕಿನ್ಲಿ ಅಲಾಸ್ಕಾಕ್ಕೆ ಹೋದವರೇ ಅಲ್ಲ. (ಎರಡನೇ ಸಲ.)

ನಾನು ಆಂಕರೇಜಿನಲ್ಲಿ ಎರಡು ವರ್ಷ ಇದ್ದೆ. ಟಾಲ್ಕೀಟ್ನಾ ಎಂಬ ಸಣ್ಣ ಊರಿನಿಂದ ಬೆಟ್ಟ ಚೆನ್ನಾಗಿ ಕಾಣುತ್ತದೆ ಎಂದು ಹೋಗಿ ಎರಡು ದಿನ ಮೋಡ ನೋಡಿದೆ. ಬೆಟ್ಟ ಎಲ್ಲರಿಗೂ ಕಾಣುವುದಿಲ್ಲ. ಉದ್ಯಾನಕ್ಕೆ ಬರುವ ಹತ್ತರಲ್ಲಿ ಮೂರು ಜನಕ್ಕೆ ಕಂಡರೆ ಹೆಚ್ಚು. ಮೂರನೇ ದಿನ ಬೆಳಿಗ್ಗೆ ತಿಂಡಿ ತಿನ್ನುತ್ತಿದ್ದಾಗ ಹೋಟೆಲಿನ ಹೆಂಗಸು ಅಡುಗೆಮನೆಯಿಂದ ಕೂಗಿದಳು: 'ಬೆಟ್ಟ ಹೊರಗೆ ಬಂದಿದೆ!' ಅಲ್ಲಿಯವರು ಹೇಳುವುದೇ ಹಾಗೆ. ತಟ್ಟೆ ಬಿಟ್ಟು ಎಲ್ಲರೂ ಓಡಿದೆವು. ನಾನು ಆಕಾಶದ ಬುಡದಲ್ಲಿ ಹುಡುಕುತ್ತಿದ್ದೆ. ಪಕ್ಕದವನು ನನ್ನ ಗಲ್ಲ ಹಿಡಿದು ಮೇಲಕ್ಕೆ ಎತ್ತಿದ. ಬಿಳಿ ಮೋಡ ಅಂದುಕೊಂಡಿದ್ದು ಮೋಡವಲ್ಲ. ಅಲ್ಲಿದ್ದ ಒಬ್ಬರ ಬಾಯಲ್ಲೂ ಮೆಕಿನ್ಲಿ ಎಂಬ ಹೆಸರು ಬರಲಿಲ್ಲ. ಡೆನಾಲಿ ಅಂತಲೂ ಯಾರೂ ಅನ್ನಲಿಲ್ಲ ಅನ್ನಿ, ಆ ಹೊತ್ತಿಗೆ ಯಾರಿಗೂ ಮಾತೇ ಹೊರಡಲಿಲ್ಲ.

ವಿರೋಧ: ಇದ್ದರೆ ಇರಲಿ ಬಿಡಿ

ಈ ಪಕ್ಷ ನನ್ನ ಪಾಲಿಗೆ ಬಂದಿದ್ದಕ್ಕೆ ಕಾರಣ ಒಂದೇ. ನಾನು ಹದಿನಾಲ್ಕು ವರ್ಷದಿಂದ ಓಹಿಯೋದಲ್ಲಿದ್ದೇನೆ. 'ನಿಮ್ಮ ಕಡೆಯವರ ಹೆಸರಲ್ವಾ, ನೀವೇ ಬರೆಯಿರಿ' ಅಂದರು. ಮನೆಯಲ್ಲಿ ಹೇಳಿದಾಗ ಮಗಳು 'ಅಪ್ಪಾ, ನೀನು ತಪ್ಪು ಕಡೆ ಇದ್ದೀಯ' ಅಂದಳು. ಇರಲಿ, ಒಪ್ಪಿಕೊಂಡಾಗಿದೆ.

ಎದುರಿನವರ ವಾದ ಏನು? ಮೆಕಿನ್ಲಿ ಅಲಾಸ್ಕಾಕ್ಕೆ ಹೋಗಿಲ್ಲ, ಮೆಕಿನ್ಲಿ ಅಲಾಸ್ಕಾಕ್ಕೆ ಹೋಗಿಲ್ಲ. ಅಯ್ಯೋ, ಹೋಗದಿದ್ದರೆ ಏನೀಗ? ನಾನಿರುವ ಊರು ಕೊಲಂಬಸ್. ಕೊಲಂಬಸ್ ಈ ಕಡೆ ತಲೆ ಹಾಕಿದ್ದರಾ? ಹದಿನಾಲ್ಕನೇ ಲೂಯಿ ರಾಜ ಲೂಸಿಯಾನಾ ನೋಡಿದ್ದನಾ? ಜಾರ್ಜ್ ವಾಷಿಂಗ್ಟನ್ ಪೆಸಿಫಿಕ್ ಸಾಗರವನ್ನೇ ಕಂಡವರಲ್ಲ, ಅದರ ದಡದ ರಾಜ್ಯಕ್ಕೆ ಅವರದೇ ಹೆಸರು. ಆ ರಾಜ್ಯದಲ್ಲಿರುವ ರೇನಿಯರ್ ಬೆಟ್ಟದ ಕತೆ ಇನ್ನೂ ಚೆನ್ನಾಗಿದೆ. 1792ರಲ್ಲಿ ವ್ಯಾಂಕೂವರ್ ಎಂಬ ಇಂಗ್ಲಿಷ್ ನಾವಿಕ ತನ್ನ ಗೆಳೆಯನ ಹೆಸರಿಟ್ಟ. ಆ ಗೆಳೆಯ ಪೀಟರ್ ರೇನಿಯರ್ ಸ್ವಾತಂತ್ರ್ಯ ಯುದ್ಧದಲ್ಲಿ ಅಮೆರಿಕನ್ನರ ವಿರುದ್ಧ ಹೋರಾಡಿದ್ದ ನೌಕಾಪಡೆಯವನು! ಎವರೆಸ್ಟ್ ಸಾಹೇಬರಂತೂ ತಮ್ಮ ಹೆಸರು ಬೇಡವೆಂದೇ ಹೇಳಿದ್ದರು. ಎದುರಿನವರ ನಿಯಮ ಹಿಡಿದರೆ ಪ್ರಪಂಚದ ನಕ್ಷೆಯನ್ನೆಲ್ಲ ಒರೆಸಿ, ಪ್ರತಿ ಗುಡ್ಡಕ್ಕೂ 'ಎತ್ತರದ್ದು', ಪ್ರತಿ ಹೊಳೆಗೂ 'ಉದ್ದದ್ದು' ಅಂತ ಬರೆಯಬೇಕು.

ಎರಡನೆಯದು, 1917ರಿಂದ 2015ರವರೆಗೆ 98 ವರ್ಷ ಕಾನೂನಿನಲ್ಲಿದ್ದ ಹೆಸರು ಇದು. ಸರ್ಕಾರ ಬದಲಾದಾಗಲೆಲ್ಲ ಬೆಟ್ಟದ ಬೋರ್ಡು ಬದಲಾಗಬಾರದು. ಈ ಮಾತು 2025ಕ್ಕೂ ಅನ್ವಯಿಸುತ್ತೆ ಅಂತ ಗೊತ್ತು. ಮುಂದೆ ಹೋಗೋಣ.

ನನಗೆ ಬೇಜಾರಾಗುವುದು ಬೇರೆ ವಿಷಯಕ್ಕೆ. ಈ ಜಗಳದಲ್ಲಿ ಮೆಕಿನ್ಲಿ ಒಬ್ಬ ಮನುಷ್ಯ ಎಂಬುದೇ ಎಲ್ಲರಿಗೂ ಮರೆತುಹೋಗಿದೆ. 1862ರಲ್ಲಿ ಅಂತರ್ಯುದ್ಧದ ಆಂಟೀಟಮ್ ಕಾಳಗ. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ 22,000ಕ್ಕೂ ಜಾಸ್ತಿ ಜನ ಸತ್ತರು, ಗಾಯಗೊಂಡರು, ಕಾಣೆಯಾದರು. ಓಹಿಯೋದ 23ನೇ ದಳದಲ್ಲಿ ಈ ಹುಡುಗನದು ಊಟದ ಸಾಮಾನು ನೋಡಿಕೊಳ್ಳುವ ಕೆಲಸ. ವಯಸ್ಸು 19. ಬೆಳಗಿನಿಂದ ಹಸಿದು ಹೋರಾಡುತ್ತಿದ್ದವರಿಗೆ, ಗುಂಡುಗಳ ನಡುವೆ ಗಾಡಿ ಓಡಿಸಿಕೊಂಡು ಹೋಗಿ ಬಿಸಿ ಕಾಫಿ, ಊಟ ಮುಟ್ಟಿಸಿದ. ಅದಕ್ಕಾಗಿ ಆ ಬಯಲಿನಲ್ಲಿ ಇವತ್ತಿಗೂ ಒಂದು ಸ್ಮಾರಕವಿದೆ. ಮುಂದೆ ಅಧ್ಯಕ್ಷರಾದರು. ಕಾಯಿಲೆಯ ಹೆಂಡತಿ ಐಡಾಳನ್ನು ಕೊನೆಯವರೆಗೂ ಕಣ್ಣಿನಲ್ಲಿ ಕಣ್ಣಿಟ್ಟು ನೋಡಿಕೊಂಡರು. 1901ರ ಸೆಪ್ಟೆಂಬರಿನಲ್ಲಿ ಬಫಲೋ ಊರಿನ ಪ್ರದರ್ಶನದಲ್ಲಿ ಜನರ ಕೈ ಕುಲುಕುತ್ತಾ ನಿಂತಿದ್ದಾಗ ಗುಂಡು ತಗುಲಿತು. ಎಂಟು ದಿನ ಬದುಕಿದ್ದರು. ಯಾವಾಗಲೂ ಕೋಟಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಕೆಂಪು ಕಾರ್ನೇಶನ್ ಹೂವನ್ನು ಅದಕ್ಕೆ ಸ್ವಲ್ಪ ಮುಂಚೆ ಒಂದು ಪುಟ್ಟ ಹುಡುಗಿಗೆ ಕೊಟ್ಟಿದ್ದರಂತೆ. 1904ರಿಂದ ಅದೇ ನಮ್ಮ ರಾಜ್ಯದ ಹೂವು. ಅವರ ಕಾಲದಲ್ಲಿ ಅಮೆರಿಕ ಫಿಲಿಪೀನ್ಸನ್ನು ವಶ ಮಾಡಿಕೊಂಡ ವಿಷಯ ಈಗ ಎತ್ತಬೇಡಿ, ಅದಕ್ಕೆ ಬೇರೆಯೇ ಲೇಖನ ಬೇಕು.

ಹೋದ ವರ್ಷ ಅಪ್ಪ ಮೂಡಿಗೆರೆಯಿಂದ ಬಂದಿದ್ದರು. ನಯಾಗರ ನೋಡಿ ಆಗಿತ್ತು, ಮಾಲ್ ನೋಡಿ ಸಾಕಾಗಿತ್ತು. ಇನ್ನೇನು ತೋರಿಸಲಿ ಎಂದು ಒಂದು ಭಾನುವಾರ ಕ್ಯಾಂಟನ್ನಿಗೆ ಕರೆದುಕೊಂಡು ಹೋದೆ. ಕೊಲಂಬಸ್ಸಿನಿಂದ ಎರಡು ಗಂಟೆ ದಾರಿ. ಅಲ್ಲಿ ಗುಡ್ಡದ ಮೇಲೆ ಗುಮ್ಮಟದ ಕಟ್ಟಡ. ಒಳಗೆ ಮೆಕಿನ್ಲಿ, ಐಡಾ, ಚಿಕ್ಕಂದಿನಲ್ಲೇ ತೀರಿಕೊಂಡ ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಮಲಗಿದ್ದಾರೆ. ಕೆಳಗಿನಿಂದ ನೋಡಿದರೆ ಮೆಟ್ಟಿಲೋ ಮೆಟ್ಟಿಲು. ಅಪ್ಪನ ಮಂಡಿ ನೆನೆದು 'ಕಾರಲ್ಲೇ ಕೂತಿರಿ' ಅಂದೆ. ಕೇಳಲಿಲ್ಲ. ಒಂದು, ಎರಡು ಎಂದು ಗಟ್ಟಿಯಾಗಿ ಎಣಿಸುತ್ತಾ ಹತ್ತಲು ಶುರು ಮಾಡಿದರು. ನಡುವೆ ಕಂಚಿನ ಪ್ರತಿಮೆಯ ಹತ್ತಿರ ಸುಧಾರಿಸಿಕೊಂಡರು. ಆ ಹೊತ್ತಿನಲ್ಲಿ ನಾನು ಕಾಫಿಯ ಕತೆ ಹೇಳಿದೆ.

ಮೇಲೆ ಮುಟ್ಟಿದಾಗ ಎಣಿಕೆ ಸರಿಯಾಗಿ 108.

'ನೋಡಿದ್ಯಾ, ಸುಮ್ನೆ ಕಟ್ಟಿಲ್ಲ ಇವರು' ಅಂದರು. ಕಾಕತಾಳೀಯ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೆಳಗಿಳಿಯುವಾಗ ಅಲಾಸ್ಕಾದ ಬೆಟ್ಟದ ಜಗಳವನ್ನೂ ಹೇಳಿದೆ. ಅಪ್ಪ ಅರ್ಧ ದಾರಿಯವರೆಗೂ ಮಾತಾಡಲಿಲ್ಲ. ಆಮೇಲೆ, 'ಗುಂಡು ಹಾರುವಾಗ ಬಿಸಿ ಕಾಫಿ ತಂದುಕೊಟ್ಟನಾ? ಹಾಗಾದರೆ ಒಂದು ಬೆಟ್ಟ ಕೊಡಲಿ ಬಿಡೋ' ಅಂದರು. ಕಾಫಿ ತೋಟದವರ ತೀರ್ಪು.

ಸಂಜೆ ಮನೆಯವರ ವಾಟ್ಸಾಪ್ ಗುಂಪಿಗೆ ಅಪ್ಪನ ಫೋಟೋ ಬಂತು. ಕೆಳಗೆ ಹೀಗೆ ಬರೆದಿದ್ದರು: 'ಮೆಕಿನ್ಲಿ ಸಮಾಧಿ. 108 ಮೆಟ್ಟಿಲು ಹತ್ತಿದೆ. ಮಂಡಿ ನೋವು ಇಲ್ಲ.'