ಎರಡು ಉಂಗುರದ ಸಿಗಾರ್

ಕಾಫಿಯ ಕಸುಬಿನಲ್ಲಿ ಹೊಗೆ ಎಂಬುದು ಒಂದು ದೋಷದ ಹೆಸರು. ಕಣದಲ್ಲಿ ಹರವಿದ ಹೊಟ್ಟು ಬಿಡಿಸದ ಕಾಫಿ ಬೀಜಕ್ಕೆ, ನಮ್ಮ ಮಾತಿನ ಪಾರ್ಚ್‌ಮೆಂಟಿಗೆ ಗಾಳಿ ಬೀಸುವ ಕಡೆ ಯಾರಾದರೂ ಚಳಿ ಕಾಯಿಸಲು ನಾಲ್ಕು ಹಸಿ ಸೌದೆ ಹಚ್ಚಿದರೂ ಸಾಕು, ತಿಂಗಳುಗಳ ನಂತರ ಎಲ್ಲೋ ದೂರದ ಮೇಜಿನ ಮುಂದೆ ನಿಂತ ರುಚಿಗಾರನೊಬ್ಬ ಒಂದು ಚಮಚ ಕಾಫಿಯನ್ನು ಸೊರ್ರೆಂದು ಹೀರಿ, ಪಕ್ಕದ ಪೀಕದಾನಿಗೆ ಉಗಿದು, ಹಾಳೆಯ ಮೇಲೆ ‘ಸ್ಮೋಕಿ’ ಎಂದು ಬರೆಯುತ್ತಾನೆ. ಆ ಒಂದು ಪದಕ್ಕೆ ಮೂಟೆಯ ಬೆಲೆ ಇಳಿಯುತ್ತದೆ. ಹೀಗೆ ಮೂವತ್ತು ವರ್ಷ ಹೊಗೆಯನ್ನು ಬೀಜದ ಹತ್ತಿರ ಸುಳಿಯಗೊಡದೆ ಕಾಲ ಕಳೆದ ನಾನು, ಕೊಡಗಿನ ಕೈಲ್ ಮುಹೂರ್ತ ಹಬ್ಬ ಮುಗಿದ ವಾರದ ಒಂದು ಸಂಜೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಹೊತ್ತಿನಲ್ಲಿ, ಭಾಗಮಂಡಲದ ರಸ್ತೆಯ ನಮ್ಮ ಮನೆಯ ಜಗಲಿಯಲ್ಲಿ ಕುಳಿತು, ಕಾಫಿ ರುಚಿ ನೋಡುವ ಅಂಕಪಟ್ಟಿಯನ್ನೇ ತೊಡೆಯ ಮೇಲೆ ಇಟ್ಟುಕೊಂಡು, ಬರಿಯ ಹೊಗೆಗೆ ಅಂಕ ಕೊಡಲು ಹೊರಟಿದ್ದೆ.

ಇದಕ್ಕೆ ಕಾರಣ ಭಾವ. ಎರಡು ವರ್ಷದ ಹಿಂದೆ ಹೊರದೇಶದಿಂದ ಬಂದವರು ಅಕ್ಕನಿಗೆ ಕಾಣದಂತೆ ನನ್ನ ಕೈಗೆ ಒಂದು ಸಿಗಾರ್ ಇಟ್ಟು, “ಇದನ್ನ ಬೀಡಿ ಸೇದಿದ ಹಾಗೆ ಸೇದಿ ಬಿಸಾಡ್ಬೇಡ ಮಾರಾಯ, ಲಿಮಿಟೆಡ್ ಎಡಿಷನ್” ಎಂದಿದ್ದರು. ಕ್ಯೂಬಾದ ಮಾಲು. ಅದರ ಕೊರಳಿಗೆ ಎರಡು ಕಾಗದದ ಉಂಗುರಗಳಿದ್ದವು: ಮೇಲಿನದು ಬ್ರ್ಯಾಂಡಿನದು, ಕೆಳಗಿನದು ಕಪ್ಪು ಮತ್ತು ಬಂಗಾರದ ಬಣ್ಣದ್ದು, ಅದರ ಮೇಲೆ ‘ಎಡಿಸಿಯೋನ್ ಲಿಮಿತಾದಾ’ ಎಂಬ ಬರಹ ಮತ್ತು ಇಸವಿ. ಕ್ಯೂಬಾದ ಸಿಗಾರ್‌ಗಳನ್ನು ಜಗತ್ತಿಗೆ ಮಾರುವ ಹಬಾನೋಸ್ ಸಂಸ್ಥೆ 2000ದಲ್ಲಿ ಆರಂಭಿಸಿದ ಪದ್ಧತಿ ಇದು. ತನ್ನ ಕೆಲವು ಹೆಸರಾಂತ ಬ್ರ್ಯಾಂಡುಗಳಲ್ಲಿ, ಮಾಮೂಲಿಯಾಗಿ ಸಿಗದ ಅಳತೆಯ ಸಿಗಾರ್‌ಗಳನ್ನು ಆಯಾ ವರ್ಷದ ಹೆಸರಿನಲ್ಲಿ ಹೊರತರುತ್ತದೆ. ಮೊದಮೊದಲು ಹೊರಗಿನ ಹೊದಿಕೆಯ ಎಲೆಯನ್ನು ಮಾತ್ರ ಕನಿಷ್ಠ ಎರಡು ವರ್ಷ ಹಳತು ಮಾಡುತ್ತಿದ್ದರು. 2007ರಿಂದ ಒಳಗಿನ ಎಲೆಗಳಿಗೂ ಅದೇ ನಿಯಮ ಬಂತು. ಒಟ್ಟು ಎಷ್ಟು ಮಾಡಿದ್ದಾರೆಂದು ಮಾತ್ರ ಆ ಉಂಗುರ ಹೇಳುವುದಿಲ್ಲ. ಮಿತಿಯಿದೆ ಎಂದು ಹೇಳಿ, ಮಿತಿ ಎಷ್ಟೆಂದು ಹೇಳದೆ ಬಿಡುವುದು ವ್ಯಾಪಾರದ ಜಾಣತನವಿರಬಹುದು.

ಯಾವ ಬ್ರ್ಯಾಂಡು ಎಂದು ನಾನೂ ಹೇಳುವುದಿಲ್ಲ. ಕಾರಣ ಮುಂದೆ ತಾನೇ ತಿಳಿಯುತ್ತದೆ.

ನಮಗೆ ತಂಬಾಕು ಹೊಸದೇನಲ್ಲ. ಕುಶಾಲನಗರ ದಾಟಿ ಪಿರಿಯಾಪಟ್ಟಣದ ಕಡೆಗೆ ಇಳಿದರೆ ರಸ್ತೆಯ ಎರಡೂ ಬದಿಗೆ ಹೊಗೆಸೊಪ್ಪಿನ ಹೊಲ, ಹೊಲಕ್ಕೊಂದರಂತೆ ಸೊಪ್ಪು ಬೇಯಿಸುವ ಮನೆ, ಬ್ಯಾರನ್. ಆದರೆ ಅದು ಸಿಗರೇಟಿನ ವರ್ಜೀನಿಯಾ. ಕೊಳವೆಗಳಲ್ಲಿ ಹರಿಯುವ ಬಿಸಿಗೆ ಕೆಲವೇ ದಿನಗಳಲ್ಲಿ ಹಳದಿಯಾಗಿ ಒಣಗುವ ಎಲೆ. ಸಿಗಾರಿನ ಎಲೆಗೆ ಬೆಂಕಿಯ ಆತುರವಿಲ್ಲ. ಅದು ಕೊಟ್ಟಿಗೆಯ ನೆರಳಲ್ಲಿ, ಬರಿಯ ಗಾಳಿಗೆ ನೇತಾಡಿ ಕಂದಾಗುತ್ತದೆ; ಆಮೇಲೆ ರಾಶಿ ಹಾಕಿ ಹುಳಿಸುತ್ತಾರೆ, ರಾಶಿಯ ಹೊಟ್ಟೆ ಕಾವೇರಿದಾಗ ಕೆದಕಿ ಮಗುಚುತ್ತಾರೆ, ಅಮೋನಿಯದ ಘಾಟು ಹೊರಟುಹೋಗುವವರೆಗೆ ಇದೇ ಕೆಲಸ. ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದಿಂದ ಬಂದ ಕಾಫಿಯನ್ನು ತೊಟ್ಟಿಯಲ್ಲಿ ಹುಳಿಸಿ, ಬೆರಳಿನ ನಡುವೆ ಉಜ್ಜಿ ‘ಆಯ್ತು, ತೊಳೀರಿ’ ಎನ್ನುವ ನಮಗೆ ಈ ಲೆಕ್ಕಾಚಾರ ಕೂಡಲೇ ಅರ್ಥವಾಗುತ್ತದೆ. ಹೊದಿಕೆಯ ಎಲೆಯಂತೂ ನಮ್ಮ ಕಾಫಿಯ ಹಾಗೆಯೇ ನೆರಳಿನ ಬೆಳೆ. ನಾವು ಬಳಂಜಿ, ಅತ್ತಿ, ಸಿಲ್ವರ್ ಓಕ್ ಬೆಳೆಸಿ ನೆರಳು ಮಾಡಿದರೆ, ಕ್ಯೂಬಾದ ಪಿನಾರ್ ದೆಲ್ ರಿಯೋದ ರೈತ ಹೊಲದ ಮೇಲೆ ತೆಳುವಾದ ಬಟ್ಟೆಯ ಚಪ್ಪರವನ್ನೇ ಎಳೆಯುತ್ತಾನೆ.

ಇನ್ನು ನಮ್ಮ ಮನೆಗಳಲ್ಲಿ ಹೊಗೆಸೊಪ್ಪಿನ ಅತ್ಯಂತ ಮರ್ಯಾದಸ್ಥ ಉಪಯೋಗ ಯಾವುದೆಂದರೆ, ಮಳೆಗಾಲದಲ್ಲಿ ತೋಟಕ್ಕೆ ಹೊರಡುವ ಮೊದಲು ಅದನ್ನು ಸುಣ್ಣದೊಂದಿಗೆ ತಿಕ್ಕಿ ಕಾಲಿಗೆ ಹಚ್ಚಿಕೊಳ್ಳುವುದು. ಇಂಬಳ ಹತ್ತಿರ ಬರುವುದಿಲ್ಲ. ಎರಡು ವರ್ಷ ಹಳತಾದ ಎಲೆಯ ಬಗ್ಗೆ ಇಂಬಳದ ಅಭಿಪ್ರಾಯ ಬೇರೆಯಾಗಿರುತ್ತಿತ್ತೆಂದು ನನಗೆ ಅನ್ನಿಸುವುದಿಲ್ಲ.

ಭಾವ ಕೊಟ್ಟ ಸಿಗಾರನ್ನು ಎರಡು ಮಳೆಗಾಲ ದಾಟಿಸುವುದೇ ಒಂದು ಕೃಷಿಯಾಯಿತು. ಸಿಗಾರಿಗೆ ಬೇಕಾದದ್ದು ನೂರಕ್ಕೆ 65ರಿಂದ 70ರಷ್ಟು ತೇವಾಂಶದ ಗಾಳಿ. ಒಣ ದೇಶಗಳ ಸಿಗಾರ್ ಪ್ರಿಯರು ಪೆಟ್ಟಿಗೆಯೊಳಗೆ ನೀರಿನ ಪಸೆ ಇಟ್ಟು ಅದನ್ನು ಹದವಾಗಿಡಲು ಒದ್ದಾಡುತ್ತಾರೆ. ಜುಲೈ ತಿಂಗಳಲ್ಲಿ ಚಪ್ಪಲಿಗೂ ಬೆಲ್ಟಿಗೂ ಬೂಸ್ಟು ಹಿಡಿಯುವ, ಬಟ್ಟೆಯ ಬೀರುವಿನಲ್ಲಿ ಹಗಲು ರಾತ್ರಿ ಬಲ್ಬು ಉರಿಸುವ ನಮ್ಮ ಊರಿನಲ್ಲಿ ಸಮಸ್ಯೆ ತಲೆಕೆಳಗು, ಇಲ್ಲಿ ನೀರನ್ನು ಹೊರಗೆ ತಡೆಯಬೇಕು. ಬಿಗಿಯಾದ ಮುಚ್ಚಳದ ಡಬ್ಬಿ, ಅದರೊಳಗೆ ತೇವವನ್ನು ಹೀರುವುದಕ್ಕೂ ಬಿಡುವುದಕ್ಕೂ ಬರುವ ಉಪ್ಪುನೀರಿನ ಪೊಟ್ಟಣ, ಜೊತೆಗೆ ಭಾವನೇ ಕೊಟ್ಟಿದ್ದ ಒಂದು ಸ್ಪ್ಯಾನಿಷ್ ಸೀಡರ್ ಹಲಗೆಯ ಚೂರು. ಹೆಸರು ಸೀಡರ್ ಆದರೂ ಅದು ದೇವದಾರುವಿನ ಜಾತಿಯದಲ್ಲ, ಮಹಾಗನಿಯ ಕುಟುಂಬದ್ದು, ನಮ್ಮ ಕಾಡಿನ ಗಂಧಗರಿಗೆಯ ದೂರದ ನೆಂಟ. ಬೇಸಿಗೆಯ ಚಿಂತೆ ಬೇರೆ: ತಂಬಾಕಿನೊಳಗೆ ಮೊಟ್ಟೆಯಾಗಿ ಮಲಗಿರಬಹುದಾದ ಸಣ್ಣ ದುಂಬಿ ಸೆಖೆಗೆ ಒಡೆದು ಹೊರಬಂದು, ಸೂಜಿ ಚುಚ್ಚಿದಂತೆ ತೂತು ಕೊರೆಯುತ್ತದೆ. ಏಪ್ರಿಲ್ ತಿಂಗಳಿಡೀ, ಕಾಯಿಕೊರಕ ಹುಡುಕುವ ಕಣ್ಣಿನಿಂದಲೇ ನಾನು ಅದನ್ನು ವಾರಕ್ಕೊಮ್ಮೆ ತಿರುಗಿಸಿ ನೋಡುತ್ತಿದ್ದೆ. ಒಂದು ದಿನ ಮನೆಯವಳು ಬಾಗಿಲಲ್ಲಿ ನಿಂತು, “ಮಕ್ಕಳ ಜ್ವರಾನೂ ನೀವು ಇಷ್ಟು ಸಲ ನೋಡ್ಲಿಲ್ಲ” ಎಂದಳು.

ಕೊನೆಗೂ ಆ ಸಂಜೆ ಬಂತು. ಸಿಗಾರಿನ ತಲೆಯನ್ನು ಮುಚ್ಚಿರುವ ಎಲೆಯ ಟೋಪಿಯನ್ನು ಕತ್ತರಿಸಬೇಕು. ಅದಕ್ಕೆಂದೇ ಇರುವ ಕತ್ತರಿ ನನ್ನಲ್ಲಿಲ್ಲ. ಅಡಕತ್ತರಿಯಿಂದ ಹಿಂದೊಮ್ಮೆ ಅಗ್ಗದ ಚುಟ್ಟಾವನ್ನು ಕತ್ತರಿಸಲು ಹೋಗಿ ಅದರ ತಲೆ ಅಡಿಕೆಯ ಹಾಗೆ ಒಡೆದುಹೋದದ್ದು ನೆನಪಿತ್ತು. ಕಸಿ ಕತ್ತರಿ ಇನ್ನೂ ದೊಡ್ಡ ಅಪಾಯ. ಹೊಸ ಬ್ಲೇಡು ತಂದು, ಟೋಪಿಯ ಅಂಚು ಮುಗಿಯುವ ಗೆರೆಗಿಂತ ಕೂದಲೆಳೆಯಷ್ಟು ಮೇಲೆ, ಉಸಿರು ಬಿಗಿಹಿಡಿದು ಕೊಯ್ದೆ. ಹಚ್ಚುವ ಮೊದಲು ಒಮ್ಮೆ ಸುಮ್ಮನೆ ಎಳೆದು ನೋಡಬೇಕಂತೆ. ಎಳೆದೆ. ಒಣಹುಲ್ಲು, ಸ್ವಲ್ಪ ಒಣದ್ರಾಕ್ಷಿ, ಹಳೆಯ ಮರದ ಪೆಟ್ಟಿಗೆ. ಹಾಳೆಯಲ್ಲಿ ‘ಸುವಾಸನೆ’ ಎಂಬಲ್ಲಿ ಎಂಟು ಬರೆದೆ. ಬೆಂಕಿಕಡ್ಡಿಯ ಗಂಧಕದ ವಾಸನೆ ಆರಿದ ಮೇಲೆ ಜ್ವಾಲೆಯನ್ನು ಸಿಗಾರಿನ ಪಾದಕ್ಕೆ, ಅಂದರೆ ಹಚ್ಚುವ ತುದಿಗೆ, ತಾಗಿಸದೆ, ಅಕ್ಕಿರೊಟ್ಟಿಯ ಅಂಚು ಸುಟ್ಟಂತೆ ಸುತ್ತಲೂ ತಿರುಗಿಸಿ ಕೆಂಪಾಗಿಸಿದೆ. ನಾಲ್ಕು ಕಡ್ಡಿ ಹಿಡಿಯಿತು.

ಮೊದಲ ದಮ್ಮಿಗೇ ಗೊತ್ತಾದ ಸಂಗತಿ ಎಂದರೆ ನನ್ನ ಅಂಕಪಟ್ಟಿ ಈ ಕೆಲಸಕ್ಕೆ ಆಗಿಬರುವುದಿಲ್ಲ ಎಂಬುದು. ಅದರಲ್ಲಿ ‘ಆಮ್ಲತೆ’ ಎಂದೊಂದು ಅಂಕಣವಿದೆ, ಒಳ್ಳೆಯ ಅರೇಬಿಕಾದ ಜೀವವೇ ಅದು. ಆದರೆ ಸಿಗಾರಿನ ಹೊಗೆ ಆಮ್ಲವಲ್ಲ, ಕ್ಷಾರ. ಅದಕ್ಕೇ ಅದನ್ನು ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಇಳಿಯುತ್ತದೆ. (ಎದೆಗೆ ಎಳೆಯದಿದ್ದರೆ ಅಪಾಯವಿಲ್ಲ ಎಂದು ಸಿಗಾರ್ ಸೇದುವವರು ಹೇಳಿಕೊಳ್ಳುವ ಸಮಾಧಾನ ಬರಿಯ ಸುಳ್ಳು, ಬಾಯಿ, ಗಂಟಲಿನ ಕ್ಯಾನ್ಸರಿಗೆ ಆ ವಿನಾಯಿತಿ ಗೊತ್ತಿಲ್ಲ.) ಹಾಳೆಯಲ್ಲಿ ‘ಸ್ವಚ್ಛ ಬಟ್ಟಲು’ ಎಂಬ ಅಂಕಣವೂ ಇದೆ. ಹೊಗೆಯಲ್ಲಿ ಸ್ವಚ್ಛತೆ ಹುಡುಕುವುದು ಹೇಗೆ? ಇನ್ನು ‘ಮಣ್ಣಿನ ರುಚಿ’. ಕಾಫಿಯಲ್ಲಿ ಅದು ಕಂಡರೆ ಬೀಜ ನೆಲದ ಮೇಲೆ ಒಣಗಿದೆಯೆಂದು, ಬೂಸ್ಟು ತಾಗಿದೆಯೆಂದು ನಮ್ಮ ಮಾನ ಹೋಗುತ್ತದೆ. ಸಿಗಾರಿನ ವಿಮರ್ಶಕರು ಅದೇ ಮಾತನ್ನು ಹೊಗಳಿಕೆಗೆ ಬಳಸುತ್ತಾರೆ. ಚರ್ಮ, ಕೊಟ್ಟಿಗೆ, ಒದ್ದೆ ನೆಲ, ಇವೆಲ್ಲ ಅವರಲ್ಲಿ ಸದ್ಗುಣಗಳು.

ಅವರು ಮೇಲಿಂದ ಮೇಲೆ ಬಳಸುವ ಇನ್ನೊಂದು ಪದ ಕರಿಮೆಣಸು. ಇದನ್ನು ಮಾತ್ರ ನಾನು ಸುಮ್ಮನೆ ಬಿಡುವಂತಿರಲಿಲ್ಲ. ಗೋದಾಮಿನಲ್ಲಿ ಮೂರು ಮೂಟೆ ಇರುವಾಗ ಪರೀಕ್ಷಿಸದೆ ಒಪ್ಪುವುದು ಹೇಗೆ? ಮೊದಲ ಮೂರನೇ ಒಂದು ಭಾಗ ಉರಿಯುತ್ತಿದ್ದಾಗ, ಬಾಯಿಯ ಹೊಗೆಯಲ್ಲಿ ಒಂದಿಷ್ಟನ್ನು ಮೂಗಿನಿಂದ ಬಿಟ್ಟೆ. ಮೂಗಿನ ಹೊಳ್ಳೆಯೊಳಗೆ ಚುರುಕ್ ಎಂದಿತು, ಕಣ್ಣಲ್ಲಿ ನೀರು ಬಂತು. ಕೂಡಲೇ ಎರಡು ಕಾಳು ಒಳ್ಳೆಮೆಣಸು ಅಗಿದೆ. ಅಲ್ಲ, ಕರಿಮೆಣಸಿನ ಖಾರ ನಾಲಗೆಯ ಮೇಲೆ ಕುಳಿತುಕೊಳ್ಳುತ್ತದೆ, ಸಿಪ್ಪೆಯಿಂದ ಒಂದು ಹಸಿರು ಪರಿಮಳ ಏಳುತ್ತದೆ. ಸಿಗಾರಿನಲ್ಲಿ ಆ ಹಸಿರಿಲ್ಲ. ಬಾಯಿ ಮುಕ್ಕಳಿಸಿ, ಒಳಗಿನಿಂದ ಬೋಳುಕಾಳಿನ, ಅಂದರೆ ಬಿಳಿಮೆಣಸಿನ, ಡಬ್ಬಿ ತರಿಸಿ ಮೂಸಿದೆ. ನೀರಲ್ಲಿ ಕೊಳೆಸಿ ಸಿಪ್ಪೆ ತೆಗೆದ ಕಾಳಿಗೆ ಇರುವ ಆ ತುಸು ಕೊಟ್ಟಿಗೆಯ ವಾಸನೆ, ಅದರ ಹಿಂದೆ ಅಡಗಿದ ಬಿಸಿ, ಹೊಗೆಯಲ್ಲಿದ್ದದ್ದು ಇದೇ. ಎರಡೂ ಹುಳಿಸಿದ ಪದಾರ್ಥಗಳಾದ್ದರಿಂದಲೋ ಏನೋ. ಈ ಶೋಧನೆಯಿಂದ ನನಗಾದ ಸಂತೋಷ ಸಿಗಾರಿನಿಂದಾದ ಸಂತೋಷಕ್ಕಿಂತ ಹೆಚ್ಚಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಆದರೆ ಮೆಣಸು ಅಗಿದ ನಾಲಗೆಗೆ ಮುಂದಿನ ಹತ್ತು ನಿಮಿಷ ಬೇರೇನೂ ತಿಳಿಯಲಿಲ್ಲ. ಸಾವಿರಾರು ರೂಪಾಯಿಯ ಹೊಗೆಯನ್ನು ಆ ಹತ್ತು ನಿಮಿಷ ನಾನು ಕುರುಡಾಗಿ ಸೇದಿದೆ.

ಅಷ್ಟರಲ್ಲಿ ಬೆಂಕಿ ಒಂದು ಬದಿಗೆ ಓರೆಯಾಗಿ ಓಡತೊಡಗಿತ್ತು. ತಪ್ಪು ಸಿಗಾರ್ ಸುತ್ತಿದವರದ್ದಲ್ಲ, ನಮ್ಮ ಹವೆಯದ್ದು. ಅಂಗಳದಿಂದ ಮಂಜು ಜಗಲಿಯ ಮೆಟ್ಟಿಲಿಗೆ ಬಂದು ನಿಂತಿದ್ದಾಗ ಯಾವ ಎಲೆ ತಾನೇ ಸಮನಾಗಿ ಉರಿದೀತು? ಹಿಂದುಳಿದ ಬದಿಗೆ ಕಡ್ಡಿ ತಾಗಿಸಿ ಸರಿಮಾಡಿದೆ. ನಿಮಿಷಕ್ಕೊಂದು ದಮ್ಮು ಸಾಕು, ಅವಸರ ಮಾಡಿದರೆ ಹೊಗೆ ಬಿಸಿಯಾಗಿ ಕಹಿಯಾಗುತ್ತದೆ. ನಡುವಿನ ಭಾಗಕ್ಕೆ ಬರುವಾಗ ಖಾರ ಅಡಗಿ, ಹೊಸದಾಗಿ ತುಂಬಿದ ಗೋದಾಮಿನ ಬಾಗಿಲು ತೆರೆದಾಗ ಬರುವ ಆ ಬೆಚ್ಚಗಿನ, ಗೋಣಿ ಮತ್ತು ಪಾರ್ಚ್‌ಮೆಂಟು ಬೆರೆತ ವಾಸನೆ ಬಂತು. ಹಿಂದೆಯೇ ಕೋಕೋ, ಸಿಹಿಯಿಲ್ಲದ್ದು. ಎರಡು ಬೆರಳಷ್ಟು ಉದ್ದದ ಬೂದಿ ಬೀಳದೆ ನಿಂತಿತ್ತು, ಬೂದು ಬಣ್ಣದ ಪದರಗಳು ಒಂದರ ಮೇಲೊಂದು, ಕಣಜದ ಗೂಡಿನ ಹಾಗೆ. ಸುಮಾರು ಇಪ್ಪತ್ತು ನಿಮಿಷ ನಾನು ಹಾಳೆಯನ್ನೇ ಮರೆತೆ. ಅತ್ಯುತ್ತಮವಾದ ಆ ಇಪ್ಪತ್ತು ನಿಮಿಷಕ್ಕೆ ಹಾಳೆಯಲ್ಲಿ ಒಂದಕ್ಷರದ ದಾಖಲೆಯೂ ಇಲ್ಲ.

ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯ ಪತ್ರಿಕಾ ಕಾರ್ಯದರ್ಶಿಯಾಗಿದ್ದ ಪಿಯರ್ ಸ್ಯಾಲಿಂಜರ್ ಹೇಳಿಕೊಂಡಿದ್ದ ಕಥೆ ಆಗ ನೆನಪಾಯಿತು. 1962ರ ಫೆಬ್ರವರಿಯಲ್ಲಿ ಅಧ್ಯಕ್ಷರು ಅವರನ್ನು ಕರೆದು, ಬೆಳಗಾಗುವುದರೊಳಗೆ ಸಾವಿರ ಕ್ಯೂಬನ್ ಸಿಗಾರ್ ಬೇಕು ಎಂದರಂತೆ. ಮರುದಿನ ಬೆಳಿಗ್ಗೆ 1,200 ಸಿಕ್ಕಿವೆ ಎಂದು ಖಾತ್ರಿಯಾದ ಮೇಲೆಯೇ ಮೇಜಿನ ಖಾನೆಯಿಂದ ಕಾಗದ ತೆಗೆದು, ಕ್ಯೂಬಾದ ಸರಕಿಗೆ ನಿಷೇಧ ಹೇರುವ ಆದೇಶಕ್ಕೆ ಸಹಿ ಹಾಕಿದರಂತೆ. ಮಿತಿಯನ್ನು ಹಾಕುವವನಿಗೆ ಮಿತಿಯ ರುಚಿ ಮೊದಲೇ ಗೊತ್ತಿರುತ್ತದೆ. ನನ್ನದು 1,200ರ ಸಮಸ್ಯೆಯಲ್ಲ, ಒಂದರ ಸಮಸ್ಯೆ. ಕಾಫಿಯ ರುಚಿ ನೋಡುವಾಗ ಒಂದು ಮಾದರಿಗೆ ಐದು ಬಟ್ಟಲು ಇಡುತ್ತೇವೆ, ಒಂದೊಂದಕ್ಕೂ ಎಂಟೂಕಾಲು ಗ್ರಾಂ ಪುಡಿ, 150 ಮಿಲಿಲೀಟರ್ ನೀರು. ಐದೂ ಒಂದೇ ಸಮನಾಗಿದ್ದರೆ ‘ಏಕರೂಪತೆ’ಗೆ ಪೂರ್ತಿ ಹತ್ತು; ಒಂದು ಬಟ್ಟಲು ಕೆಟ್ಟರೆ ಎರಡು ಕಡಿತ. ಹೀರಿದ್ದನ್ನು ಉಗಿಯುತ್ತೇವೆ, ಮೂಟೆ ಮೂಟೆಯಾಗಿಯೇ ಉಳಿದಿರುತ್ತದೆ. ಇಲ್ಲಿ ಬಟ್ಟಲೂ ಒಂದೇ, ಮೂಟೆಯೂ ಅದೇ. ಕೈಯಿಂದ ಸುತ್ತಿದ ಮಾಲು, ಒಂದೇ ಪೆಟ್ಟಿಗೆಯ ಎರಡು ಸಿಗಾರ್‌ಗಳೂ ಅವಳಿಗಳಲ್ಲ. ನೂರಕ್ಕೆ ತೊಂಬತ್ತೆರಡೋ ಮೂರೋ ಎಂದು ನಾನು ಬರೆದರೆ ಅದು ಸಿಗಾರಿನ ಅಂಕವೋ, ಎರಡು ವರ್ಷದ ಕಾಯುವಿಕೆಯದ್ದೋ? ಇಂಥ ಸಾಕ್ಷ್ಯದ ಮೇಲೆ ಒಂದು ಬ್ರ್ಯಾಂಡಿನ ಹೆಸರು ಹೇಳಿ ತೀರ್ಪು ಕೊಡುವುದು ನನ್ನ ಕಸುಬಿಗೆ ಶೋಭೆಯಲ್ಲ.

ಕೊನೆಯ ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಹಿ ಏರಿತು, ಹೊಟ್ಟೆ ಖಾಲಿಯಿತ್ತು, ತಲೆ ಗಿರ್ರೆಂದಿತು, ಹಣೆಯಲ್ಲಿ ತಣ್ಣನೆಯ ಬೆವರು. ಮನೆಯವಳು ಮಾತಾಡದೆ ಒಂದು ಲೋಟ ಬೆಲ್ಲದ ಕಾಪಿ ತಂದಿಟ್ಟು, “ಅಂಕ ಯಾರು ಯಾರಿಗೆ ಕೊಟ್ರು?” ಎಂದು ಒಳಗೆ ಹೋದಳು. ಸಿಗಾರಿನ ತುದಿಯನ್ನು ಹೊಸಕಿ ಆರಿಸಬಾರದು, ತಾನಾಗಿ ಆರಲು ಬಿಡಬೇಕು ಎನ್ನುತ್ತಾರೆ. ಚಿಪ್ಪಿನಲ್ಲಿ ಇಟ್ಟೆ, ಮಂಜಿಗೆ ಬೇಗನೇ ಆರಿತು. ಮರುದಿನ ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬಂದವನು ಬಾಗಿಲಲ್ಲೇ ಮೂಗು ಅರಳಿಸಿ, “ಸಾರ್, ಗೋದಾಮಿನ ಹತ್ರ ಯಾರೋ ಬೆಂಕಿ ಹಾಕಿದ್ದಾರೆ” ಎಂದು ಗಾಬರಿಯಾದ.

ಆ ರಾತ್ರಿ ಭಾವ ಫೋನ್ ಮಾಡಿದರು.

“ಎಷ್ಟು ಕೊಟ್ಟೆ?”

“ಇನ್ನು ನಾಲ್ಕು ಕಳಿಸಿ ಭಾವ. ಐದಾಗದೆ ಹೇಳ್ಲಿಕ್ಕಾಗುದಿಲ್ಲ.”

“ಎಲ್ಲಿಂದ ಕಳಿಸ್ಲಿ ಮಾರಾಯ, ನಾನು ತಂದದ್ದೇ ಎರಡು. ನನ್ನದನ್ನ ಅವತ್ತು ಏರ್‌ಪೋರ್ಟಿಂದ ಬರ್ತಾ ದಾರಿಯಲ್ಲಿ ಟೀ ಅಂಗಡಿ ಹಿಂದೆ ನಿಂತು ಸೇದಿದೆ.”

“ಹೇಗಿತ್ತು?”

“ಚೆನ್ನಾಗಿತ್ತು” ಎಂದರು ಭಾವ, ಸ್ವಲ್ಪ ಯೋಚಿಸಿ.