ಬಿಡುಗಡೆಯ ದಿನಾಂಕವಿಲ್ಲದ ನೌಕರಿ

ಉಕ್ರೇನ್ ಸುದ್ದಿ ಬಂದಾಗಲೆಲ್ಲ ನಮ್ಮವರು ಈಗಲೂ ಪುಟಿನ್ ಪಾರ್ಟಿ, ಝೆಲೆನ್‌ಸ್ಕಿ ಪಾರ್ಟಿ ಅಂತ ಎರಡಾಗ್ತಾರೆ. ತಪ್ಪು ಯಾರದ್ದು ಅನ್ನೋದರಲ್ಲಿ ನನಗೆ ಗೊಂದಲವಿಲ್ಲ; 2022ರ ಫೆಬ್ರವರಿ 24ರಂದು ಗಡಿ ದಾಟಿ ನುಗ್ಗಿದ್ದು ರಷ್ಯಾದ ಸೈನ್ಯ. ಆದರೆ ಇಷ್ಟು ವರ್ಷ ಎಳೆದ ಮೇಲೆ ಯಾವ ಊರು ಯಾರ ಕೈ ಸೇರಿತು ಅಂತ ಲೆಕ್ಕ ಇಡೋದು ಬಿಟ್ಟಿದ್ದೇನೆ. ನಾನು ಕೇಳೋದು ಇಷ್ಟೇ: ಯಾರನ್ನು ಕಳಿಸ್ತಿದ್ದಾರೆ, ಹೋದವನು ಯಾವಾಗ ಮನೆಗೆ ಬರ್ತಾನೆ?

ಬರೋ ಹಾಗಿಲ್ಲ. ರಷ್ಯಾದಲ್ಲಿ 2022ರ ಸೆಪ್ಟೆಂಬರ್‌ನ ಸೇನಾ ಭರ್ತಿ ಆದೇಶ ಬಂದಮೇಲೆ, ಸೇನೆಯ ಕರಾರಿನಲ್ಲಿ ಒಂದು ವರ್ಷ ಅಂತ ಬರೆದಿದ್ದರೂ ಅವಧಿ ಮುಗಿಯೋದೇ ಇಲ್ಲ. ಉಕ್ರೇನ್‌ನಲ್ಲಿ 36 ತಿಂಗಳು ಸೇವೆ ಮಾಡಿದವರನ್ನು ಬಿಡಬೇಕು ಅನ್ನೋ ಅಂಶ 2024ರ ಸೇನಾ ಭರ್ತಿ ಮಸೂದೆಯಲ್ಲಿತ್ತು. ಸೇನೆ ಒಪ್ಪಲಿಲ್ಲ, ಅದನ್ನು ತೆಗೆದುಹಾಕಿಯೇ ಏಪ್ರಿಲ್‌ನಲ್ಲಿ ಪಾಸು ಮಾಡಿದರು. ಅದೇ ತಿಂಗಳು ಕಡ್ಡಾಯ ಭರ್ತಿಯ ಕನಿಷ್ಠ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿದರು. ಅಲ್ಲಿನ ಭರ್ತಿ ಅಧಿಕಾರಿಗಳು ಬೀದಿಯಲ್ಲಿ ಗಂಡಸರನ್ನು ಹಿಡಿದು ವ್ಯಾನಿಗೆ ತುಂಬೋ ವಿಡಿಯೊಗಳು ರಷ್ಯಾದ ಪ್ರಚಾರಕ್ಕೆ ಒದಗುತ್ತವೆ ನಿಜ. ಹಾಗಂತ ಅಂಥದ್ದು ನಡೆದೇ ಇಲ್ಲ ಅನ್ನೋಕಾಗಲ್ಲ.

ಉಕ್ರೇನ್ ಅಧ್ಯಕ್ಷ ಝೆಲೆನ್‌ಸ್ಕಿಯ ಐದು ವರ್ಷದ ಅವಧಿ 2024ರ ಮೇಯಲ್ಲೇ ಮುಗಿಯಿತು, ಚುನಾವಣೆ ನಡೆಯಲಿಲ್ಲ. ಬಾಂಬ್ ಬೀಳೋ ಊರಲ್ಲಿ ಮತಗಟ್ಟೆ ಹಾಕೋಕಾಗಲ್ಲ, ಒಪ್ಪಿದೆ. ಆದರೆ 2025ರ ಜುಲೈಯಲ್ಲಿ ಭ್ರಷ್ಟಾಚಾರ ತನಿಖಾ ಸಂಸ್ಥೆಗಳ ಸ್ವಾಯತ್ತತೆಗೇ ಕೈ ಹಾಕಿದರಲ್ಲ, ಅದಕ್ಕೂ ಬಾಂಬ್ ಕಾರಣವೇ? ಯುದ್ಧದ ನಡುವೆಯೂ ಜನ ಬೀದಿಗಿಳಿದು ಹತ್ತು ದಿನದೊಳಗೆ ಅದನ್ನು ಸರಿಪಡಿಸಿದರು. ಆ ಜನರನ್ನು ಕಂಡರೆ ಹೊಟ್ಟೆಕಿಚ್ಚಾಗುತ್ತೆ. ರಷ್ಯಾದಲ್ಲಿ ಯುದ್ಧ ವಿರೋಧಿಸಿ ಖಾಲಿ ಹಾಳೆ ಹಿಡಿದು ನಿಂತವರನ್ನೂ ಪೊಲೀಸರು ಎಳೆದೊಯ್ದಿದ್ದರು.

ಅಲ್ಲಿ ಮನುಷ್ಯನಿಗೆ ರೇಟು ಕಟ್ಟಿದ್ದಾರೆ. 2024ರ ಆಗಸ್ಟ್‌ನಿಂದ ಸೇನೆಯ ಕರಾರಿಗೆ ಸಹಿ ಹಾಕಿದರೆ ಕೇಂದ್ರ ಸರ್ಕಾರದಿಂದ 4 ಲಕ್ಷ ರೂಬಲ್, ಆಗ ನಮ್ಮ ರೂಪಾಯಿಯಲ್ಲೂ ಹತ್ತಿರಹತ್ತಿರ ಅಷ್ಟೇ. ಪ್ರಾಂತ್ಯಗಳು ಕೊಡೋದು ಅದರ ಮೇಲೆ. ನವೆಂಬರ್‌ನಲ್ಲಿ ಮತ್ತೊಂದು ಕಾನೂನು: ವಸೂಲಿ ಕ್ರಮಕ್ಕೆ ಸಿಕ್ಕಿಬಿದ್ದವನು ಯುದ್ಧಕ್ಕೆ ಸೇರಿದರೆ 1 ಕೋಟಿ ರೂಬಲ್‌ವರೆಗೆ ಸಾಲಮನ್ನಾ. ನಮ್ಮಲ್ಲಿ ಸಾಲಮನ್ನಾಕ್ಕೆ ಓಟು ಕೇಳ್ತಾರೆ, ಅಲ್ಲಿ ಜೀವವನ್ನೇ. ಅಲ್ಲಿನ ಕೇಂದ್ರ ಬ್ಯಾಂಕಿನ ಬಡ್ಡಿ ದರವೇ ಆಗ ಶೇ 21, ಸಾಲ ತೀರಿಸೋದು ಅಷ್ಟು ಕಷ್ಟ. ಬುರ್ಯಾತಿಯಾ, ತುವಾದಂಥ ಬಡ ಪ್ರಾಂತ್ಯಗಳಿಗೆ ಜನಸಂಖ್ಯೆಗೆ ಹೋಲಿಸಿದರೆ ಮಾಸ್ಕೋಗಿಂತ ಎಷ್ಟೋ ಹೆಚ್ಚು ಹೆಣ ಬರ್ತಿರೋದು ಸುಮ್ಮನೆ ಅಲ್ಲ.

ನಮಗೆ ಸಿಕ್ಕಿದ್ದು ಅಗ್ಗದ ಕಚ್ಚಾತೈಲ. ಯುದ್ಧಕ್ಕೆ ಮುಂಚೆ ನಮ್ಮ ಆಮದಿನಲ್ಲಿ ಶೇ 2ರಷ್ಟಿದ್ದ ರಷ್ಯಾದ ಪಾಲು ಆಮೇಲೆ ಮೂರನೇ ಒಂದು ಭಾಗ ದಾಟಿತು. ಬಂಕಿನಲ್ಲಿ? 2024ರ ಲೋಕಸಭಾ ಚುನಾವಣೆಗೆ ಮುಂಚೆ 2 ರೂಪಾಯಿ ಇಳಿಸಿದರು, ಜೂನ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ತೆರಿಗೆ ಹಾಕಿ 3 ರೂಪಾಯಿ ಏರಿಸಿತು. 2025ರ ಆಗಸ್ಟ್‌ನಲ್ಲಿ ಟ್ರಂಪ್ ಇದೇ ತೈಲದ ಹೆಸರಲ್ಲಿ ಹೆಚ್ಚುವರಿ ಶೇ 25 ಸುಂಕ ಹಾಕಿದಾಗ ಪೆಟ್ಟು ಬಿದ್ದಿದ್ದು ಬಟ್ಟೆ, ಸೀಗಡಿ ರಫ್ತು ಮಾಡೋರಿಗೆ.

ಇನ್ನು ಕಲಬುರಗಿ ಕಡೆಯ ಹುಡುಗರ ಕಥೆ. ಸೆಕ್ಯುರಿಟಿ ಕೆಲಸ, ಒಳ್ಳೇ ಸಂಬಳ ಅಂತ ಏಜೆಂಟರ ಮಾತು ನಂಬಿ ರಷ್ಯಾಕ್ಕೆ ಹೋದವರು ಸೇನೆಯ ಪಾಲಾದರು. ಜೊತೆಯಲ್ಲಿದ್ದ ಗುಜರಾತಿನ ಹುಡುಗ ಡ್ರೋನ್ ದಾಳಿಯಲ್ಲಿ ಸತ್ತ. ಇವರು 2024ರ ಸೆಪ್ಟೆಂಬರ್‌ನಲ್ಲಿ ಹೇಗೋ ಊರು ಸೇರಿದರು. ಸಿಬಿಐ ಅದಕ್ಕೂ ಮುಂಚೆಯೇ ಕೇಸು ಹಾಕಿ, ಕೆಲವರನ್ನು ಹಿಡಿದಿತ್ತು. ಹುಡುಗರು ಊರು ಸೇರಿದ ಒಂದು ವರ್ಷಕ್ಕೆ, 2025ರ ಸೆಪ್ಟೆಂಬರ್‌ನಲ್ಲಿ, ರಷ್ಯಾ ಸೇನೆಯ ಕೆಲಸದ ಆಸೆಗೆ ಬೀಳಬೇಡಿ ಅಂತ ವಿದೇಶಾಂಗ ಸಚಿವಾಲಯ ಮತ್ತೆ ಹೇಳಬೇಕಾಯಿತು. ಅಂದರೆ ಏಜೆಂಟರ ಅಂಗಡಿ ಇನ್ನೂ ಬಾಗಿಲು ಹಾಕಿರಲಿಲ್ಲ.